ಮಖಮಲ್ಲಿನಲ್ಲಿ ಎರಡು ಖಾಲಿ ಗುಳಿ

ಮೊದಲೇ ಆಣೆ ಇಟ್ಟು ಹೇಳಿಬಿಡುತ್ತೇನೆ, ಇದು ನಡೆದದ್ದು. ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನನ್ನ ಮೀಸೆ ಈಗಿಂದೀಗಲೇ ಉದುರಿ ನಿಮ್ಮ ಲೋಟದಲ್ಲಿ ಬೀಳಲಿ. ನೋಡಿ, ಉದುರಲಿಲ್ಲ. ಹಾಗಾದರೆ ಹತ್ತಿರ ಬಂದು ಕೂತು ಕೇಳಿ.

ಒಂದು ಬೀದಿಯ ತಿರುವಿನಲ್ಲಿ ತಕ್ಕಡಿ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿಮೂರು ಮೆಟ್ಟಿಲು. ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಜನ ಮಾತ್ರ ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಅವನ ಕೈ ಅಂಥದ್ದು. ಏನನ್ನಾದರೂ ಎತ್ತಿದರೆ ಸಾಕು, ತೂಕ ಹೇಳುತ್ತಿದ್ದ. ಬೇಕರಿಯವನು ಬ್ರೆಡ್ಡು ಕೊಟ್ಟರೆ, "ಇದರ ಮೇಲೊಂದು ನೊಣ ಕೂತಿತ್ತು, ಈಗ ತಾನೇ ಹಾರಿಹೋಯ್ತು" ಎನ್ನುವಷ್ಟು. ಒಂದು ಸಲ ಲಾರಿ ತೂಗುವ ಕಟ್ಟೆಯಲ್ಲಿ ಮುಳ್ಳು ನೋಡಿ, "ಡ್ರೈವರ್ ಇವತ್ತು ಚಪ್ಪಲಿ ಮರೆತು ಬಂದಿದಾನೆ" ಎಂದ. ಇಳಿಸಿ ನೋಡಿದರೆ ಬರಿಗಾಲು! ಮಗಳು ಹುಟ್ಟಿದಾಗ ನರ್ಸು ಕೂಸನ್ನು ಕೈಗಿಟ್ಟು, "ಮೂರೂಕಾಲು ಕೆಜಿ" ಎಂದಳು. ಇವನು ಕೂಸನ್ನು ಒಮ್ಮೆ ಮೇಲೆ ಕೆಳಗೆ ಮಾಡಿ, "ಇಲ್ಲಮ್ಮ, ನಿಮ್ಮ ತಕ್ಕಡಿ ನಲವತ್ತು ಗ್ರಾಂ ಜಾಸ್ತಿ ತೋರಿಸ್ತಿದೆ" ಎಂದು ಹೆರಿಗೆ ವಾರ್ಡಿನಲ್ಲೇ ಕೂತು ಅದನ್ನು ಬಿಚ್ಚಿ ಸರಿ ಮಾಡಿದ. ಹೆಂಡತಿ ಹಾಸಿಗೆಯಿಂದಲೇ, "ಮಗುವನ್ನಾದ್ರೂ ನೋಡ್ರೀ, ತಕ್ಕಡಿ ಆಮೇಲೆ ನೋಡೋರಂತೆ" ಎಂದು ಬೈದಳು.

ಅವನಿಗೊಂದು ಹೆಮ್ಮೆ ಇತ್ತು. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಹೋದ ಒಂದು ಮುಳ್ಳೂ ಸುಳ್ಳು ಹೇಳಿರಲಿಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ ಒಂದು ಮರದ ಪೆಟ್ಟಿಗೆ. ಒಳಗೆ ಕೆಂಪು ಮಖಮಲ್ಲು, ಮಖಮಲ್ಲಿನಲ್ಲಿ ಸಾಲಾಗಿ ಗುಳಿಗಳು, ಒಂದೊಂದು ಗುಳಿಯಲ್ಲಿ ಒಂದೊಂದು ಹಿತ್ತಾಳೆಯ ಬಟ್ಟು. ಮುಷ್ಟಿಗಾತ್ರದಿಂದ ಹಿಡಿದು ಉಗುರಿನಷ್ಟು ಚಿಕ್ಕದರವರೆಗೆ. ಬೇರೆ ತಕ್ಕಡಿಗಳನ್ನು ಪರೀಕ್ಷಿಸಲು ಇಟ್ಟ ಸಾಚಾ ತೂಕಗಳು ಅವು. ಅವನ್ನು ಮುಟ್ಟಬೇಕಾದರೆ ಅವನು ಬಿಳಿ ಬಟ್ಟೆಯ ಗವಸು ಹಾಕಿಕೊಳ್ಳುತ್ತಿದ್ದ. ಯಾಕೆಂದು ಕೇಳಿದರೆ, "ಬೆರಳಿನ ಬೆವರಿಗೂ ತೂಕ ಇರುತ್ತಪ್ಪ" ಎನ್ನುತ್ತಿದ್ದ.

ಮಗಳಿಗೆ ಈಗ ಹದಿನೇಳು. ಚಿಕ್ಕಂದಿನಲ್ಲಿ ಕೆನ್ನೆ ತುಂಬಿಕೊಂಡಿದ್ದ ಹುಡುಗಿ, ಹಾಗಾಗಿ ಮನೆಮಂದಿಗೆಲ್ಲ ಅವಳು ಗುಂಡು. ಒಂದು ವರ್ಷದ ಹಿಂದೆ ತಕ್ಕಡಿಯಣ್ಣನ ಅಕ್ಕ ಮನೆಗೆ ಬಂದವಳು ಮೆಟ್ಟಿಲಿನ ಮೇಲೆ ಮಗಳಿಗೆ ದಾರಿ ಬಿಡುತ್ತಾ, "ಏನೇ ಗುಂಡು, ನಿಮ್ಮಪ್ಪನಿಗೆ ಹೇಳಿ ಮೆಟ್ಟಿಲು ಅಗಲ ಮಾಡಿಸ್ಬೇಕಾ?" ಎಂದಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಗಳೇ.

ಅದಾದ ಮೇಲೆ ಅವಳು ಬೆಳಿಗ್ಗೆ ಓಡಲು ಶುರು ಮಾಡಿದಳು. ಒಳ್ಳೆಯದೇ ಆಯಿತು ಎಂದುಕೊಂಡರು. ಸಿಹಿ ಬಿಟ್ಟಳು. ಒಳ್ಳೆಯದೇ ಆಯಿತು ಎಂದರು. ಆಮೇಲೆ ಅನ್ನ ಬಿಟ್ಟಳು, ಹಾಲು ಬಿಟ್ಟಳು, ಮೊಟ್ಟೆಯ ಹಳದಿ ಬಿಟ್ಟಳು. ಊಟಕ್ಕೆ ಕರೆದರೆ ಒಂದೇ ಮಾತು: "ನಂದು ಆಗಲೇ ಆಯ್ತು." ಗೆಳತಿ ಮನೆಯಲ್ಲಿ ಆಯ್ತು, ಕಾಲೇಜಿನಲ್ಲಿ ಆಯ್ತು, ನೀವು ಏಳೋ ಮುಂಚೆ ಆಯ್ತು. ಆದರೆ ಅಡುಗೆಮನೆ ಬಿಟ್ಟು ಕದಲುತ್ತಿರಲಿಲ್ಲ! ಅಪ್ಪನಿಗೂ ಅಮ್ಮನಿಗೂ ಕೇಕು ಮಾಡಿ ಬಡಿಸಿ, ಎದುರು ಕೂತು, ಅವರು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತಾನು ಒಂದು ಬ್ರೆಡ್ಡಿನ ಚೂರನ್ನು ಚಾಕುವಿನಲ್ಲಿ ಹದಿನಾರು ಪಾಲು ಮಾಡಿ, ಒಂದು ಗಂಟೆ ಹೊತ್ತು ತಟ್ಟೆಯಲ್ಲಿ ಆಚೀಚೆ ಸರಿಸುತ್ತಿದ್ದಳು.

ಅಮ್ಮ ದರ್ಜಿ. ಮೇಲೆ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ಕೊರಳಲ್ಲಿ ಟೇಪು ಹಾಕಿಕೊಂಡೇ ಒಂದು ದಿನ ಅಂಗಡಿಗೆ ಇಳಿದು ಬಂದಳು.

"ರೀ, ಒಂದು ವರ್ಷದಲ್ಲಿ ಅವಳ ಸ್ಕರ್ಟಿನ ಸೊಂಟ ಮೂರು ಸಲ ಹಿಡಿದು ಹೊಲಿದಿದೀನಿ. ಇನ್ನು ಹಿಡಿಯೋಕೆ ಬಟ್ಟೆನೂ ಇಲ್ಲ, ಅವಳೂ ಇಲ್ಲ."

"ವಯಸ್ಸು ಕಣೆ. ಸರಿಹೋಗ್ತಾಳೆ."

"ತಲೆ ಬಾಚಿದ್ರೆ ಬಾಚಣಿಗೆ ತುಂಬಾ ಕೂದಲು. ಬಿಸಿಲಲ್ಲೂ ನಡುಗ್ತಾಳೆ. ತೋಳಿನ ಮೇಲೆ ಎಳೆ ಕೂಸಿನ ಥರ ಸಣ್ಣ ಸಣ್ಣ ರೋಮ ಬಂದಿದೆ. ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ. ಇದೂ ವಯಸ್ಸಾ?"

ಹೆಂಡತಿ ಮೇಲೆ ಹೋಗಿ, ಕೈಗೆ ಸಿಕ್ಕ ದಪ್ಪ ಉಣ್ಣೆಬಟ್ಟೆಯಲ್ಲಿ ಮಗಳಿಗೊಂದು ಕೋಟು ಹೊಲಿದಳು. ಕೈ ಬೆಚ್ಚಗಿರಲಿ ಎಂದು ಆಳವಾದ ಎರಡು ಜೇಬು ಇಟ್ಟಳು.

ಅಂಗಡಿಯ ಹಿಂಬದಿಯಲ್ಲಿ ಮೂಟೆ ತೂಗುವ ಹಳೆಯ ಹಲಗೆ ತಕ್ಕಡಿ ಇತ್ತು. ಮನುಷ್ಯರ ಎದೆಯ ಎತ್ತರಕ್ಕೆ ದುಂಡನೆಯ ಮುಖ, ಅದರಲ್ಲಿ ಉದ್ದನೆಯ ಮುಳ್ಳು. ಮಗಳು ದಿನಾ ಬೆಳಿಗ್ಗೆ ಅದರ ಮೇಲೆ ಹತ್ತುತ್ತಿದ್ದಳು. ಅಪ್ಪ ಕಪಾಟಿನ ಸಂದಿಯಿಂದ ನೋಡುತ್ತಿದ್ದ. ಮುಳ್ಳು ಕೆಳಗಿಳಿದಿದ್ದರೆ ಅವಳ ಮುಖ ಒಂದು ಗಳಿಗೆ ಅರಳುತ್ತಿತ್ತು. ಇಳಿಯದಿದ್ದರೆ, ಪರೀಕ್ಷೆಯಲ್ಲಿ ಫೇಲಾದವಳ ಹಾಗೆ ನಿಂತಲ್ಲೇ ಕುಸಿಯುತ್ತಿದ್ದಳು. ಮುಳ್ಳು ಎಷ್ಟು ತೋರಿಸುತ್ತಿತ್ತು ಎಂದು ಮಾತ್ರ ಕೇಳಬೇಡಿ. ಎಷ್ಟು ಕಾಡಿದರೂ ನಾನು ಹೇಳುವವನಲ್ಲ. ಆ ಹುಡುಗಿಯ ತಲೆಯನ್ನು ಅಷ್ಟು ದಿನ ತಿಂದ ಸಂಖ್ಯೆ ಅದು, ನಿಮ್ಮ ತಲೆಗೆ ಯಾಕೆ?

ಆಗ ತಕ್ಕಡಿಯಣ್ಣ ಒಂದು ಲೆಕ್ಕ ಹಾಕಿದ. ಕಸುಬಿನವನ ಲೆಕ್ಕ. ಇವಳಿಗೆ ಬೇಕಾಗಿರುವುದು ಒಂದು ಸಂಖ್ಯೆ. ಆ ಸಂಖ್ಯೆ ಸಿಕ್ಕಿಬಿಟ್ಟರೆ ಕೂತು ಉಣ್ಣುತ್ತಾಳೆ. ಸಂಖ್ಯೆ ಕೊಡುವುದು ನನ್ನ ಕೈಯಲ್ಲೇ ಇದೆಯಲ್ಲ?

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ತಕ್ಕಡಿಯ ಮುಖ ಬಿಚ್ಚಿ, ಹಿಂದಿನ ಸಣ್ಣ ತಿರುಪನ್ನು ತಿರುಗಿಸಿದ. ಈಗ ಮುಳ್ಳು ಇದ್ದದ್ದಕ್ಕಿಂತ ಎರಡು ಕೆಜಿ ಕಮ್ಮಿ ತೋರಿಸುತ್ತಿತ್ತು. ಸಿಂಹದ ಬಾಯಿಯಿಂದ ಹಲ್ಲು ಕಿತ್ತು ತಾ ಎಂದರೂ ನಡುಗದ ಕೈ ಅದು. ಆ ದಿನ ತಿರುಪುಳಿ ಮೂರು ಸಲ ಜಾರಿತು.

ಮಾರನೆಯ ಬೆಳಿಗ್ಗೆ ಮಗಳು ಹತ್ತಿದಳು, ನೋಡಿದಳು, ನಕ್ಕಳು. ಸಂಜೆ ಅರ್ಧ ಬಟ್ಟಲು ಗಂಜಿ ಕುಡಿದಳು. ತಕ್ಕಡಿಯಣ್ಣ, ಈ ಕಾಯಿಲೆಗೆ ಮದ್ದು ಕಂಡುಹಿಡಿದವನು ಲೋಕದಲ್ಲಿ ತಾನೊಬ್ಬನೇ ಎಂಬಂತೆ ಎದೆಯುಬ್ಬಿಸಿ ಓಡಾಡಿದ. ಅದು ನಡೆದದ್ದು ಎರಡೇ ದಿನ. ಮೂರನೆಯ ದಿನ ಹಲಗೆಯ ಮೇಲೆ ನಿಂತು ಅವಳು ತನಗೆ ತಾನೇ ಹೇಳಿಕೊಳ್ಳುವುದು ಕೇಳಿಸಿತು: "ಇನ್ನು ಎರಡೇ ಕೆಜಿ. ಇನ್ನೆರಡು ಇಳಿಸಿದ್ರೆ ಸಾಕು."

ಅವಳು ಮುಟ್ಟಬೇಕಾದ ಗೆರೆಯೇ ಕೆಳಗಿಳಿದು ಕೂತಿತ್ತು. ಗಂಜಿಯ ಬಟ್ಟಲು ಮತ್ತೆ ಕಪಾಟು ಸೇರಿತು.

ತಿರುಪು ತಿರುಗಿಸಿದ್ದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಹಿಂದಕ್ಕೂ ತಿರುಗಿಸಲಿಲ್ಲ. ಒಮ್ಮೆಗೇ ಎರಡು ಕೆಜಿ ಮೇಲೆ ಕಂಡರೆ ಆ ಹುಡುಗಿ ಏನು ಮಾಡಿಕೊಳ್ಳುತ್ತಾಳೋ ಎಂಬ ಹೆದರಿಕೆ.

ಒಂದು ದಿನ ಮಗಳು ಮೆಟ್ಟಿಲಿನ ಮೇಲೆ ತಲೆಸುತ್ತಿ ಕೂತುಬಿಟ್ಟಳು. ಅಮ್ಮ ಇನ್ನು ಯಾರ ಮಾತೂ ಕೇಳಲಿಲ್ಲ, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಕ್ತ ನೋಡಿದಳು, ನಾಡಿ ನೋಡಿದಳು. ಹೇಳಿದ್ದು ಇಷ್ಟು: "ಪ್ರತಿ ಶುಕ್ರವಾರ ಬನ್ನಿ. ತೂಕ ಇನ್ನೂ ಇಳಿದ್ರೆ ಇಲ್ಲೇ ಸೇರಿಸ್ಕೋಬೇಕಾಗುತ್ತೆ. ಮಗಳು ಕಾಲೇಜು, ಪರೀಕ್ಷೆ ಎಲ್ಲ ಬಿಡಬೇಕಾಗುತ್ತೆ." ನರ್ಸು ತೂಕ ನೋಡಿ ಬರೆದುಕೊಂಡಳು. ಹುಡುಗಿ ಗಡಗಡ ನಡುಗುತ್ತಿದ್ದಳೆಂದು ಕೋಟು ತೆಗೆಸಲು ಅವಳಿಗೆ ಮನಸ್ಸು ಬರಲಿಲ್ಲ. "ಇರ್ಲಿ ಬಿಡಮ್ಮ, ಕೋಟಿಂದು ಲೆಕ್ಕ ಕಳೀತೀನಿ" ಎಂದಳು.

ಮುಂದಿನ ಶುಕ್ರವಾರ ತೂಕ ಇಳಿದಿರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಳಿದಿರಲಿಲ್ಲ. ಅಮ್ಮ ಮನೆಗೆ ಬಂದು ಗಂಡನಿಗೆ ಚೀಟಿ ತೋರಿಸಿದಳು. ಚೀಟಿ ನೋಡಿ ತಕ್ಕಡಿಯಣ್ಣನ ಹುಬ್ಬು ಗಂಟಾಯಿತು. ಅವತ್ತು ಬೆಳಿಗ್ಗೆ ಅಂಗಡಿಯ ಮುಳ್ಳು ತೋರಿಸಿದ್ದಕ್ಕೂ ಆಸ್ಪತ್ರೆಯ ಚೀಟಿಗೂ ನಾಲ್ಕು ಕೆಜಿ ವ್ಯತ್ಯಾಸ. ಎರಡು ತನ್ನ ತಿರುಪಿನದು, ಸರಿ. ಇನ್ನೆರಡು ಯಾರದು?

ಬೇರೆ ಯಾವ ಅಪ್ಪನಾದರೂ ಮಗಳ ಮುಖ ನೋಡುತ್ತಿದ್ದ. ಇವನಿಗೆ ಹೊಳೆದದ್ದು ಬೇರೆ.

"ಆಸ್ಪತ್ರೆ ತಕ್ಕಡಿ ಕೆಟ್ಟಿದೆ! ಎರಡು ಕೆಜಿ ಜಾಸ್ತಿ ತೋರಿಸ್ತಿದೆ ಕಣೆ. ಇವಳು ಇಳೀತಾನೇ ಇದಾಳೆ, ಅವರಿಗೆ ಗೊತ್ತಾಗ್ತಿಲ್ಲ. ಮುಂದಿನ ಶುಕ್ರವಾರ ನಾನೇ ಬಂದು ಸರಿ ಮಾಡ್ತೀನಿ."

"ನಿಮ್ಮದೇ ಕೆಟ್ಟಿದ್ರೆ?"

"ನನ್ನ ತಕ್ಕಡಿ ಸುಳ್ಳು ಹೇಳಲ್ಲ" ಎಂದ. ಮೂವತ್ತು ವರ್ಷ ಹೇಳಿದ ಮಾತು. ಆ ದಿನ ಹೇಳುವಾಗ ಮಾತ್ರ ಹೆಂಡತಿಯ ಮುಖ ನೋಡಲಿಲ್ಲ.

ಶುಕ್ರವಾರ ಬಂತು. ತಾಯಿ ಮಗಳು ಮುಂಚೆ ಹೋದರು. ಅವನು ಅಂಗಡಿಗೆ ಬೀಗ ಹಾಕಿ, ಗವಸು ಜೇಬಿಗಿಟ್ಟು, ಅಂಗಡಿಯ ಮೇಲಿನ ಹಲಗೆಯಿಂದ ಬಟ್ಟುಗಳ ಪೆಟ್ಟಿಗೆ ಇಳಿಸಿದ. ಇಳಿಸುವಾಗ ಏನೋ ಹಗುರ ಅನ್ನಿಸಿತು. ನೊಣದ ತೂಕ ಹೇಳುವ ಕೈ ಅದು, ಎರಡು ಸಲ ಹೇಳಿತು. ಅವನು ಕೇಳಲಿಲ್ಲ. "ಇವತ್ತು ತೋಳಲ್ಲಿ ಕಸುವಿದೆ" ಎಂದುಕೊಂಡು ನಡೆದ.

ಆಸ್ಪತ್ರೆಯ ತೂಕದ ಕೋಣೆ ಚಿಕ್ಕದು. ಒಂದು ಮೇಜು, ಒಂದು ತಕ್ಕಡಿ, ಗೋಡೆಗೊಂದು ಕೈ ತೊಳೆಯುವ ಬೇಸಿನ್ನು. ಮಗಳು ಕೋಟು ಹಾಕಿಕೊಂಡು ಆಗಲೇ ತಕ್ಕಡಿಯ ಪಕ್ಕ ನಿಂತಿದ್ದಳು. ಅಪ್ಪನನ್ನು, ಅಪ್ಪನ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿ ಅವಳ ಮುಖದಲ್ಲಿದ್ದ ಒಂದಿಷ್ಟು ರಕ್ತವೂ ಇಳಿದುಹೋಯಿತು.

"ಏನ್ರೀ ಇದು?" ಎಂದಳು ನರ್ಸು.

"ನಿಮ್ಮ ತಕ್ಕಡಿ ಎರಡು ಕೆಜಿ ಸುಳ್ಳು ಹೇಳ್ತಿದೆ ತಾಯಿ. ಎರಡೇ ನಿಮಿಷ, ತೋರಿಸ್ತೀನಿ."

"ಹೋದ ವಾರ ತಾನೇ ಪರೀಕ್ಷೆ ಮಾಡ್ಕೊಂಡು ಹೋಗಿದಾರೆ!"

"ಅವರು ಮಾಡಿದ್ದು ಬೇರೆ, ನಾನು ಮಾಡೋದು ಬೇರೆ" ಎಂದು ಗವಸು ಹಾಕಿಕೊಂಡು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ.

ಕೆಂಪು ಮಖಮಲ್ಲಿನಲ್ಲಿ ಎರಡು ಗುಳಿ ಖಾಲಿ. ಎರಡೂ ಒಂದೊಂದು ಕೆಜಿಯ ಬಟ್ಟಿನ ಜಾಗ.

ಅವನು ನೋಡಿದ. ಅಮ್ಮ ನೋಡಿದಳು. ಮಗಳ ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು. ಅಮ್ಮ ಬೆಚ್ಚಗಿರಲೆಂದು ಹೊಲಿದ ಜೇಬು, ಅಪ್ಪನ ಸಾಚಾ ಬಟ್ಟು. ಇನ್ನೆರಡು ಕೆಜಿ ಯಾರದೆಂದು ಅವನಿಗೆ ಗೊತ್ತಾಯಿತು.

ಮಗಳು ಕಣ್ಣಿನಲ್ಲೇ ಬೇಡಿಕೊಂಡಳು. ಅಂಗಡಿಯಲ್ಲಿ ಬಿಟ್ಟು ಬಂದೆ ಅನ್ನಪ್ಪ. ಅಷ್ಟು ಹೇಳಪ್ಪ ಸಾಕು. ಹೇಳುವುದು ಸುಲಭವಿತ್ತು. ಮಗಳ ಮಾನ ಉಳಿಯುತ್ತಿತ್ತು, ತನ್ನದೂ ಉಳಿಯುತ್ತಿತ್ತು, ಮೂವರೂ ಮನೆಗೆ ಹೋಗಬಹುದಿತ್ತು. ಇನ್ನು ಎಷ್ಟು ಶುಕ್ರವಾರ ಹಾಗೆ ಹೋಗಬಹುದಿತ್ತೋ ಯಾರಿಗೆ ಗೊತ್ತು.

ತಕ್ಕಡಿಯಣ್ಣ ಹೆಂಡತಿಯ ಕಡೆ ತಿರುಗಿದ.

"ಮೊದಲು ನಂದು ಹೇಳ್ತೀನಿ. ಅಂಗಡಿ ತಕ್ಕಡಿನ ನಾನೇ ಕೆಡಿಸಿದೀನಿ ಕಣೆ. ಎರಡು ಕೆಜಿ ಕಮ್ಮಿ ತೋರಿಸೋ ಹಾಗೆ. ಅವಳಿಗೆ ಖುಷಿ ಆದ್ರೆ ಊಟ ಮಾಡ್ತಾಳೆ ಅಂತ. ಮೂವತ್ತು ವರ್ಷದಲ್ಲಿ ಮೊದಲನೇ ಸಲ." ಆಮೇಲೆ ಗವಸಿನ ಕೈಯನ್ನು ಮಗಳ ಮುಂದೆ ಚಾಚಿದ. "ನಾನು ಕೊಟ್ಟೆ ಮಗಳೇ. ಈಗ ನಿಂದು ಕೊಡು."

ಮಗಳು ಒಂದು ಬಟ್ಟು ತೆಗೆದು ಅವನ ಅಂಗೈ ಮೇಲಿಟ್ಟಳು. ಇನ್ನೊಂದು ಇಟ್ಟಳು. ಜೇಬಿನಲ್ಲಿ, ಮುಷ್ಟಿಯೊಳಗೆ, ಅಷ್ಟು ಹೊತ್ತು ಇದ್ದ ಹಿತ್ತಾಳೆ ಬೆಚ್ಚಗಿರಬೇಕಿತ್ತು. ಗವಸಿನ ಬಟ್ಟೆ ದಾಟಿ ಅದರ ತಣುಪು ಅವನ ಅಂಗೈಗೆ ತಟ್ಟಿತು. ಆ ಹುಡುಗಿಯ ಮೈಯಲ್ಲಿ ಒಂದು ಲೋಹದ ಚೂರನ್ನು ಬಿಸಿ ಮಾಡುವಷ್ಟು ಕಾವೂ ಉಳಿದಿರಲಿಲ್ಲ. ತಕ್ಕಡಿಯಣ್ಣ ಅಲ್ಲೇ, ನರ್ಸಿನ ಮುಂದೆ, ಮೂಗು ಸೋರಿಸಿಕೊಂಡು ಅತ್ತ.

ನರ್ಸು ಡಾಕ್ಟರಮ್ಮನನ್ನು ಕರೆದಳು. ಡಾಕ್ಟರಮ್ಮ ಯಾರಿಗೂ ಬೈಯಲಿಲ್ಲ. ಎದೆಗೆ ತಂತಿ ಅಂಟಿಸಿ ಇಸಿಜಿ ಪಟ್ಟಿ ತೆಗೆದಳು, ರಕ್ತವನ್ನೂ ನೋಡಿದಳು.

"ಗುಂಡಿಗೆ ತುಂಬಾ ನಿಧಾನ ಹೊಡ್ಕೊಳ್ತಿದೆ. ರಕ್ತದಲ್ಲಿ ಲವಣ ಕುಸಿದಿದೆ. ಊಟ ಸಿಗದಿದ್ರೆ ಮೈ ತನ್ನನ್ನೇ ತಿನ್ನುತ್ತೆ. ಮೊದಲು ಕೊಬ್ಬು, ಆಮೇಲೆ ಮಾಂಸ, ಮೂಳೆ. ಗುಂಡಿಗೆನೂ ಮಾಂಸವೇ ಅಲ್ವಾ? ಇವತ್ತೇ ಸೇರಿಸ್ಕೊಳ್ತೀನಿ."

"ಎಲ್ಲ ಆ ಮೆಟ್ಟಿಲಿನ ಮಾತಿಂದ ಆಯ್ತು" ಎಂದಳು ಅಮ್ಮ. "ಅವತ್ತು ನಾನೂ ಸುಮ್ಮನಿದ್ದೆ."

"ಒಂದು ಮಾತಿಂದ ಇಷ್ಟೆಲ್ಲ ಆಗಲ್ಲಮ್ಮ. ಹುಟ್ಟಿಂದ ಸ್ವಲ್ಪ, ಸ್ವಭಾವದಿಂದ ಸ್ವಲ್ಪ, ಸುತ್ತಲಿನವರಿಂದ ಸ್ವಲ್ಪ. ಇದು ಹಟ ಅಲ್ಲ, ಶೋಕಿ ಅಲ್ಲ, ಕಾಯಿಲೆ. ತೂಕ ಸರಿಯಾಗಿ ಇರೋರಿಗೂ ಬರುತ್ತೆ, ಗಂಡುಮಕ್ಕಳಿಗೂ ಬರುತ್ತೆ. ತಪ್ಪು ಯಾರದು ಅಂತ ಆಮೇಲೆ ಹುಡುಕಿ. ಈಗ ಇವಳ ಪಕ್ಕ ಕೂತ್ಕೊಳ್ಳಿ."

ತಕ್ಕಡಿಯಣ್ಣ ಅದೇ ಮಧ್ಯಾಹ್ನ ಎರಡು ಕೈ ತುಂಬ ತಿಂಡಿ ಹೊತ್ತು ವಾರ್ಡಿಗೆ ನುಗ್ಗಿದ. ಒಂದು ವರ್ಷದ ಊಟ ಒಂದೇ ದಿನದಲ್ಲಿ ತಿನ್ನಿಸುವ ಆತುರ. ನರ್ಸು ಬಾಗಿಲಲ್ಲೇ ತಡೆದಳು.

"ಅಣ್ಣಾ, ತುಕ್ಕು ಹಿಡಿದ ತಕ್ಕಡಿ ಬಂದ್ರೆ ಮೊದಲ ದಿನವೇ ಮೂಟೆ ಹೇರ್ತೀರಾ?"

"ಛೆ, ಸ್ಪ್ರಿಂಗು ಕಿತ್ತುಹೋಗುತ್ತೆ."

"ಇದೂ ಹಾಗೇ. ಉಪವಾಸ ಇದ್ದ ಮೈಗೆ ಒಟ್ಟಿಗೆ ಊಟ ಸುರಿದ್ರೆ ಗುಂಡಿಗೇನೇ ನಿಂತುಹೋಗಬಹುದು. ಚಮಚ ಚಮಚ ಕೊಡೋಣ, ರಕ್ತ ನೋಡ್ಕೊಂಡು ಜಾಸ್ತಿ ಮಾಡೋಣ."

ಆ ಆಸ್ಪತ್ರೆಯಲ್ಲಿ ಹುಡುಗಿಯನ್ನು ಬೆನ್ನು ತಿರುಗಿಸಿ ನಿಲ್ಲಿಸಿ ತೂಕ ನೋಡುತ್ತಿದ್ದರು. ಎಷ್ಟು ಬಂತೆಂದು ಅವಳಿಗೆ ಹೇಳುತ್ತಿರಲಿಲ್ಲ. ಒಂದು ದಿನ ಅಪ್ಪ ಅವಳನ್ನು ಕುರ್ಚಿಯಿಂದ ಹಾಸಿಗೆಗೆ ಎತ್ತಿ ಮಲಗಿಸಿದ. ಮಗಳು ಅವನ ತೋಳು ಬಿಡಲಿಲ್ಲ.

"ಅಪ್ಪಾ, ನಿನ್ನ ಕೈಗೆ ಗೊತ್ತಾಗಿರುತ್ತೆ. ಎಷ್ಟಿದೀನಿ?"

ಗೊತ್ತಾಗಲಿಲ್ಲ ಎಂದುಬಿಡಬಹುದಿತ್ತು. ಸುಳ್ಳಿನ ಸಹವಾಸ ಅವನಿಗೆ ಸಾಕಾಗಿತ್ತು.

"ಗೊತ್ತು. ಹೇಳಲ್ಲ."

"ಜಾಸ್ತಿ ಆಗಿದೀನಾ?"

"ನೀನು ಹುಟ್ಟಿದ ದಿನ ಎತ್ಕೊಂಡಾಗ ನರ್ಸಿನ ತಕ್ಕಡಿ ಸರಿ ಮಾಡೋಕೆ ಕೂತೆ. ನಿನ್ನ ಮುಖ ಸರಿಯಾಗಿ ನೋಡ್ಲೇ ಇಲ್ಲ. ಈಗ ನೋಡ್ತಿದೀನಿ. ಸುಮ್ನೆ ಮಲಕ್ಕೋ."

ಅವಳು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ಅವನು ಎದ್ದು ಹೋಗಲಿಲ್ಲ.

ವಾಸಿಯಾಗಿ ಹಾಡುತ್ತಾ ಮನೆಗೆ ಬಂದಳು ಎಂದರೆ ನೀವು ನಂಬುತ್ತೀರಿ, ಆದರೆ ಆಣೆ ಇಟ್ಟಿದ್ದೇನಲ್ಲ. ಏಳು ವಾರ ಆಸ್ಪತ್ರೆ. ಮನೆಗೆ ಬಂದ ಮೇಲೆ ತಟ್ಟೆ ಎಸೆದ ದಿನಗಳಿದ್ದವು. "ನೀವಿಬ್ರೂ ಸೇರಿ ನನ್ನ ಹಾಳು ಮಾಡ್ತಿದೀರಿ" ಎಂದು ಕಿರುಚಿದ ದಿನಗಳಿದ್ದವು. ಮತ್ತೆ ಒಂದು ತಿಂಗಳು ಆಸ್ಪತ್ರೆ. ವಾರಕ್ಕೊಂದು ದಿನ ಮನಸ್ಸಿನ ಡಾಕ್ಟರ ಹತ್ತಿರ ಮಾತು, ಒಮ್ಮೊಮ್ಮೆ ಮೂವರೂ ಕೂತು. ಆ ವರ್ಷದ ಪರೀಕ್ಷೆ ಹೋಯಿತು. ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ ಎನ್ನುತ್ತಾರೆ.

ತಕ್ಕಡಿಯಣ್ಣ ಆ ಹಲಗೆ ತಕ್ಕಡಿಯ ಮುಖವನ್ನೂ ಮುಳ್ಳನ್ನೂ ಕಿತ್ತು ಹಾಕಿದ. ಹಲಗೆಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿ, ನಾಲ್ಕು ಕಾಲು ಕೊಟ್ಟು ಮೇಲಕ್ಕೆ ಸಾಗಿಸಿದ. ಎಂಟು ಮೂಟೆ ಹೊತ್ತ ಹಲಗೆಯ ಮೇಲೆ ಈಗ ಮೂರು ತಟ್ಟೆ. ಹೊತ್ತಿಗೆ ಸರಿಯಾಗಿ ಮೂವರೂ ಕೂರಬೇಕು, ಮಗಳು ಮುಗಿಸುವವರೆಗೆ ಯಾರೂ ಏಳಬಾರದು, ಊಟದ ಬಗ್ಗೆ ಮಾತಾಡಬಾರದು. ಹಾಗಾಗಿ ತಕ್ಕಡಿಯಣ್ಣ ಸುಳ್ಳು ಸುಳ್ಳು ಕಥೆ ಹೇಳಲು ಕಲಿತ. ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನಲ್ಲ, ಆನೆಯನ್ನು ಅಂಚೆ ತಕ್ಕಡಿಯಲ್ಲಿ ತೂಗಿದ ಕಥೆ, ಅದು ಅವನದೇ. ನಾನು ಕದ್ದದ್ದು.

ಒಂದು ಮಧ್ಯಾಹ್ನ ಅವನ ಅಕ್ಕ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, "ಅಯ್ಯೋ, ಪರವಾಗಿಲ್ವೇ, ಮುಖ ತುಂಬ್ಕೊಂಡು..." ಎಂದು ಶುರು ಮಾಡಿದಳು.

"ಅಕ್ಕಾ" ಎಂದ ತಕ್ಕಡಿಯಣ್ಣ. "ಈ ಮನೇಲಿ ತೂಕದ ಮಾತು ಬರೀ ಕಬ್ಬಿಣದ ಮೇಲೆ. ಮನುಷ್ಯರ ಮೇಲಿಲ್ಲ."

"ಮತ್ತೆ ನಾನೇನು ಮಾತಾಡ್ಲೋ?"

"ಮೋಡ ಆಗಿದೆಯಲ್ಲ, ಅದರ ಬಗ್ಗೆ ಮಾತಾಡು."

ಅಕ್ಕ ಕಿಟಕಿಯಾಚೆ ನೋಡಿದಳು. ಮೋಡದ ಬಗ್ಗೆ ಹೇಳಲು ಅವಳಿಗೆ ಏನೂ ತೋಚಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, "ನಿನ್ನ ಊಟ ಆಯ್ತಾ ಮಗಳೇ?" ಎಂದಳು.

ಅಮ್ಮನ ಹೊಲಿಗೆ ಯಂತ್ರ ನಿಂತಿತು. ಮಗಳು ಹಲಗೆಯ ಅಂಚನ್ನು ಬೆರಳಿನಲ್ಲಿ ಸವರುತ್ತಾ ಕೂತಿದ್ದಳು. ಹಳೆಯ ಮಾತು ತುಟಿಯವರೆಗೆ ಬಂದದ್ದು ಅಪ್ಪನಿಗೆ ಕಂಡಿತು. ಅವಳು ಅದನ್ನು ನುಂಗಿಕೊಂಡಳು.

"ಇಲ್ಲ ಅತ್ತೆ" ಎಂದಳು. "ಇನ್ನೂ ಆಗಿಲ್ಲ."

ಅಪ್ಪ ಎದ್ದು ನಾಲ್ಕು ತಟ್ಟೆ ಇಟ್ಟ.

ಇಷ್ಟೇ. ನನ್ನ ಮೀಸೆ ಇನ್ನೂ ಇದ್ದಲ್ಲೇ ಇದೆ, ಬೇಕಾದರೆ ಎಳೆದು ನೋಡಿ. ಆದರೆ ಇಷ್ಟು ಹೊತ್ತು ಬಾಯಿ ನೋಯಿಸಿಕೊಂಡದ್ದಕ್ಕೆ ನನಗೂ ಏನಾದರೂ ಬೇಕಲ್ಲ. ಎದ್ದು ಒಳಗೆ ಹೋಗಿ ಎರಡು ತಟ್ಟೆ ಹಾಕಿಸಿ, ಒಂದು ನನಗೆ, ಇನ್ನೊಂದು ನಿಮಗೆ. ಏನಂದಿರಿ? ನಿಮ್ಮದು ಆಗಲೇ ಆಯ್ತಾ? ಇಲ್ಲೇ ಕೂತು ನೋಡುತ್ತಿದ್ದೇನೆ, ಬೆಳಗಿನಿಂದ ನೀವು ಲೋಟದ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಹೋಗಿ, ಎರಡು ತಟ್ಟೆ ತನ್ನಿ. ನೀವು ಮೊದಲ ತುತ್ತು ಇಡುವವರೆಗೆ ನಾನು ಈ ಕುರ್ಚಿ ಬಿಟ್ಟು ಏಳುವುದಿಲ್ಲ.